ಹಿಂದೆ ನಿಂತವರಿಗೆ ಹೇಳು

ನಮ್ಮ ಹೈಸ್ಕೂಲಿನ ಕ್ರೀಡಾಕೂಟದಲ್ಲಿ ಖೋ ಖೋ ಅಂಕಣದ ಸುತ್ತ ಜನ ಒತ್ತೊತ್ತಾಗಿ ನಿಲ್ಲುತ್ತಿದ್ದರು. ಹಿಂದಿದ್ದವರಿಗೆ ತಲೆಗಳ ಹೊರತು ಏನೂ ಕಾಣುತ್ತಿರಲಿಲ್ಲ. ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಪಿ.ಟಿ. ಮೇಷ್ಟ್ರು ನನ್ನ ಕೈಗೆ ಮೈಕು ಕೊಟ್ಟು ಒಂದೇ ಮಾತು ಹೇಳಿದರು: "ಮುಂದಿರೋರು ನೋಡ್ಕೋತಾರೆ. ನೀನು ಹಿಂದೆ ನಿಂತಿರೋರಿಗೆ ಹೇಳಮ್ಮ." ಯಾರು ಕಂಬ ಸುತ್ತಿದರು, ಯಾರಿಗೆ ಖೋ ಸಿಕ್ಕಿತು, ಮೂವರು ಓಟಗಾರರಲ್ಲಿ ಇನ್ನೆಷ್ಟು ಮಂದಿ ಉಳಿದಿದ್ದಾರೆ ಎಂದು ಹೇಳುತ್ತಾ ಹೋದೆ. ಟಿವಿ ವಾರ್ತೆಯಲ್ಲಿ ಇಷ್ಟು ವರ್ಷ ನಾನು ಉಂಡ ಅನ್ನ ಆ ಮಾತಿನದು.

ಕನ್ನಡ ವಾರ್ತಾವಾಹಿನಿಗಳ ಕ್ರೀಡಾ ವಿಭಾಗದ ಒಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ದೊಡ್ಡ ಪಂದ್ಯಗಳ ನೇರ ದೃಶ್ಯ ತೋರಿಸುವ ಹಕ್ಕು ನಮಗಿರುವುದಿಲ್ಲ. ಅದನ್ನು ಕೊಂಡವರು ಬೇರೆ. ನಮ್ಮ ಬಳಿ ಇರುವುದು ಸ್ಕೋರು, ಒಂದೆರಡು ಫೋಟೊ, ಮತ್ತೆ ಬಾಯಿ. 2007ರ ಸೆಪ್ಟೆಂಬರ್ 24ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಟಿ20 ವಿಶ್ವಕಪ್ ಫೈನಲ್ ನಡೆಯುವಾಗ ನಾನು ಸ್ಟುಡಿಯೋದಲ್ಲಿದ್ದೆ. ಪಾಕಿಸ್ತಾನಕ್ಕೆ ಕೊನೆಯ ಓವರ್‌ನಲ್ಲಿ 13 ರನ್ ಬೇಕು, ಉಳಿದಿರುವುದು ಒಂದೇ ವಿಕೆಟ್, ಧೋನಿ ಚೆಂಡು ಕೊಟ್ಟದ್ದು ಜೋಗಿಂದರ್ ಶರ್ಮಾ ಕೈಗೆ. ಮೊದಲನೆಯದು ವೈಡ್. ಮುಂದಿನದಕ್ಕೆ ರನ್ ಬರಲಿಲ್ಲ. ಆಮೇಲೆ ಮಿಸ್ಬಾ ಸಿಕ್ಸರ್ ಹೊಡೆದರು. ನಾಲ್ಕು ಎಸೆತಕ್ಕೆ ಆರು ರನ್. ಇಯರ್‌ಪೀಸಿನಲ್ಲಿ ಪಿಸಿಆರ್‌ನವರ, ಅಂದರೆ ಪ್ರಸಾರ ನಡೆಸುವ ಕೋಣೆಯವರ, ಉಸಿರು ಕೂಡ ಕೇಳಿಸುತ್ತಿತ್ತು. ಮಿಸ್ಬಾ ಚೆಂಡನ್ನು ಹಿಂದಕ್ಕೆ ಎತ್ತಿದರು, ಶಾರ್ಟ್ ಫೈನ್ ಲೆಗ್‌ನಲ್ಲಿ ಶ್ರೀಶಾಂತ್ ಹಿಡಿದರು, ಭಾರತ 5 ರನ್‌ಗಳಿಂದ ಗೆದ್ದಿತು. ನಾವು ಓದಬೇಕಾದ್ದನ್ನು ತೋರಿಸುವ ಪ್ರಾಂಪ್ಟರ್‌ನಲ್ಲಿ ಆಗ ಒಂದಕ್ಷರವೂ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ, ಅಷ್ಟು ಬೇಗ ಯಾರು ಟೈಪು ಮಾಡುತ್ತಾರೆ? ಆ ಚೆಂಡು ಎಷ್ಟು ಎತ್ತರಕ್ಕೆ ಹೋಯಿತು, ಹಿಡಿಯುವ ಮೊದಲು ಎಲ್ಲರ ಜೀವ ಹೇಗೆ ಬಾಯಿಗೆ ಬಂದಿತ್ತು ಎಂದು ನಾನು ಹೇಳುತ್ತಿದ್ದುದು ಮೈದಾನದಲ್ಲಿ ಹಿಂದೆ ನಿಂತಿದ್ದ ಅದೇ ಜನರಿಗೆ.

ಪ್ರಾಂಪ್ಟರ್ ಬಗ್ಗೆ ಮಕ್ಕಳು ತುಂಬಾ ಕೇಳುತ್ತಾರೆ. ಕ್ಯಾಮೆರಾದ ಮುಂದೆ ಓರೆಯಾಗಿ ಒಂದು ಗಾಜು ಇರುತ್ತದೆ. ಕೆಳಗಿನ ಪರದೆಯ ಅಕ್ಷರ ಅದರಲ್ಲಿ ಮೂಡುತ್ತದೆ, ಗಾಜಿನ ಹಿಂದಿನ ಲೆನ್ಸಿಗೆ ಮಾತ್ರ ಅದು ಕಾಣುವುದಿಲ್ಲ. ಅದಕ್ಕೇ ನಿಮ್ಮನ್ನೇ ನೋಡಿ ಮಾತಾಡಿದಂತೆ ಅನಿಸುವುದು. ಓದುವುದು ಕಷ್ಟವಲ್ಲ. ಬಾಯಿ ಒಂದು ವಾಕ್ಯ ಓದುತ್ತಿರುವಾಗ ಕಿವಿಯಲ್ಲಿ ಪ್ರೊಡ್ಯೂಸರ್ "ಮುಂದಿನ ಸ್ಟೋರಿ ಬಿಡಿ, ಫೋನೋ ಬರ್ತಿದೆ" (ಫೋನಿನಲ್ಲಿ ಒಬ್ಬರು ನೇರ ಮಾತಿಗೆ ಸಿಗುತ್ತಿದ್ದಾರೆ ಎಂದರ್ಥ) ಎನ್ನುವುದನ್ನೂ ಕೇಳಿಸಿಕೊಂಡು, ಮುಖದಲ್ಲಿ ಅದೇನೂ ಕಾಣದ ಹಾಗೆ ಮುಂದುವರಿಯುವುದಿದೆಯಲ್ಲ, ಅದು ರೂಢಿಯಾಗಲು ಕಾಲ ಬೇಕು.

ನನಗೆ ಬಹಳ ಇಷ್ಟವಾದ ಬುಲೆಟಿನ್ ಮಾತ್ರ ಕ್ರಿಕೆಟ್‌ನದಲ್ಲ. 2012ರ ಸೆಪ್ಟೆಂಬರ್ 3ರಂದು ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಹೈಜಂಪ್‌ನಲ್ಲಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಬಂದದ್ದು ಅದೊಂದೇ ಪದಕ. ರನ್‌ಡೌನ್‌ನಲ್ಲಿ, ಅಂದರೆ ಸುದ್ದಿಗಳ ಸರದಿ ಪಟ್ಟಿಯಲ್ಲಿ, ಅದಕ್ಕೆ ಕೊನೆಗೆ ಅರ್ಧ ನಿಮಿಷ ಇಟ್ಟಿದ್ದರು. ನಾನು ಹಟ ಹಿಡಿದು ಮೊದಲ ಸುದ್ದಿ ಮಾಡಿಸಿದೆ. ಗಿರೀಶ ಹಾರಿದ್ದು 1.74 ಮೀಟರ್, ಚಿನ್ನ ಗೆದ್ದ ಫಿಜಿಯ ಇಲಿಯೆಸಾ ಡೆಲಾನಾ ಹಾರಿದ್ದೂ ಅಷ್ಟೇ. ಎತ್ತರ ಸಮನಾದಾಗ ಯಾರು ಕಡಿಮೆ ಸಲ ತಪ್ಪಿದ್ದಾರೆಂದು ನೋಡುತ್ತಾರೆ ಎಂಬುದನ್ನು ಬಿಡಿಸಿ ಹೇಳದಿದ್ದರೆ, ಬೆಳ್ಳಿ ಅಂದಕೂಡಲೇ ಜನ ಸೋತ ಲೆಕ್ಕ ಹಾಕಿಬಿಡುತ್ತಾರೆ. ಪದಕಪಟ್ಟಿಯನ್ನಷ್ಟೇ ಓದುವ ನಿರೂಪಕರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

2015ರ ಮಾರ್ಚ್‌ನಲ್ಲಿ ವಾಂಖೆಡೆಯಲ್ಲಿ ರಣಜಿ ಫೈನಲ್. ಕರ್ನಾಟಕಕ್ಕೆ ದಾವಣಗೆರೆಯ ವಿನಯ್ ಕುಮಾರ್ ನಾಯಕ. ತಮಿಳುನಾಡನ್ನು 134ಕ್ಕೆ ಕೆಡವಿದ ಇನಿಂಗ್ಸ್‌ನಲ್ಲಿ ಅವರೇ 5 ವಿಕೆಟ್ ತೆಗೆದರು, ಬ್ಯಾಟಿಂಗಿನಲ್ಲಿ ಶತಕವನ್ನೂ ಹೊಡೆದರು. ಕರುಣ್ ನಾಯರ್ 328. ಆ ವಾರ ನಾನು ಸಂತೋಷವಾಗಿದ್ದೆ, ಅಷ್ಟೇ.

ಕ್ರೀಡೆ ಓದುವವರು ಬೇರೆ ಸುದ್ದಿ ಓದಬೇಕಾದ ದಿನಗಳೂ ಬರುತ್ತವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರನ್ನು ಆಸ್ಪತ್ರೆಗೆ ಕರೆದೊಯ್ದ ಸುದ್ದಿ ಬಂದಾಗ ಡೆಸ್ಕಿನಲ್ಲಿದ್ದವಳು ನಾನು. ಎಲ್ಲ ಫೋನುಗಳೂ ಒಂದೇ ಮಾತು ಹೇಳುತ್ತಿದ್ದವು. ಅಧಿಕೃತವಾಗಿ ತಿಳಿಸುವವರೆಗೆ ಆ ಮಾತು ನನ್ನ ಬಾಯಿಂದ ಬರಬಾರದು ಎಂದು ಹಲ್ಲು ಕಚ್ಚಿ ಕೂತೆ. ಆಮೇಲೆ ಓದಿದೆ. ಓದಿ ಮುಗಿಸಿ ಹೊರಗೆ ಬಂದಾಗ ಮೇಕಪ್ ಮಾಡುವ ಹುಡುಗಿ ಗೋಡೆಗೆ ಒರಗಿ ಅಳುತ್ತಿದ್ದಳು.

ಈಗ ಎಲ್ಲರ ಕೈಯಲ್ಲೂ ಮೊಬೈಲು, ಎಸೆತ ಎಸೆತಕ್ಕೂ ಸ್ಕೋರು. ಇನ್ನು ನಿಮ್ಮ ಕೆಲಸವೇನು ಎಂದು ಕೇಳುವವರಿದ್ದಾರೆ. ಜಿಲ್ಲಾ ಮಟ್ಟದ ಹುಡುಗಿಯರ ಕಬಡ್ಡಿ, ಖೋ ಖೋ ಫಲಿತಾಂಶ ಯಾವ ಆ್ಯಪ್‌ನಲ್ಲಿ ಸಿಗುತ್ತದೆ, ನೀವೇ ಹೇಳಿ? ಮೇಷ್ಟ್ರು ನಿವೃತ್ತರಾಗಿದ್ದಾರೆ. ಈಗಿನ ದೈಹಿಕ ಶಿಕ್ಷಕರಲ್ಲಿ ನನ್ನ ಮನವಿ ಇದು: ತಾಲ್ಲೂಕು, ಜಿಲ್ಲೆ ದಾಟಿದ ನಮ್ಮ ಶಾಲೆಯ ಮಕ್ಕಳ ಹೆಸರು, ಊರು, ಆಡಿದ ಪಂದ್ಯದ ವಿವರ ನನಗೆ ಕಳಿಸಿ. ಬರೀ "ಗೆದ್ದರು" ಎಂದು ಬರೆಯಬೇಡಿ. ಕೊನೆಯ ನಿಮಿಷದಲ್ಲಿ ಏನಾಯಿತು ಅನ್ನುವುದನ್ನೂ ಬರೆಯಿರಿ.