ಕೆರೆ ಹಕ್ಕಿ ಆ್ಯಪ್: ಹಳೇ ಲಿಂಕ್ ಕೊನೆಗೂ ದಾರಿಗೆ ಬಂತು

ಕೆರೆಯ ಹಕ್ಕಿಗಳ ಎಣಿಕೆ ಬರೆದಿಡಲು ನಾನು ಮಾಡಿರುವ ಆ್ಯಪಿನ ಹಳೇ ಲಿಂಕ್ ಸರಿ ಮಾಡಲು ನಾಲ್ಕು ರಾತ್ರಿ ಹಿಡಿಯಿತು. ನಿನ್ನೆ ಹನ್ನೊಂದೂವರೆಗೆ ಹಳೇ ಲಿಂಕ್ ಒತ್ತಿದೆ, ಸರಿಯಾದ ಪುಟ ತೆರೆಯಿತು. ಮನೆಯವರೆಲ್ಲ ಮಲಗಿದ್ದರು, ಇಲ್ಲದಿದ್ದರೆ ಕೂಗಿಯೇ ಬಿಡುತ್ತಿದ್ದೆ.

ಹೋದ ವಾರ ಆ್ಯಪಿನ ಪುಟಗಳ ವಿಳಾಸಗಳನ್ನು ಬದಲಿಸಿದ್ದೆ. ‘/ಕೆರೆ/ಕುಕ್ಕರಹಳ್ಳಿ’ ಇದ್ದದ್ದು ‘/ಮೈಸೂರು/ಕೆರೆ/ಕುಕ್ಕರಹಳ್ಳಿ’ ಆಯಿತು. ಮುಂದೆ ಮಂಡ್ಯದ ಕಡೆಯ ಜಾಗಗಳೂ ಸೇರಬೇಕಲ್ವಾ. ಯಾವ ವಿಳಾಸಕ್ಕೆ ಯಾವ ಪುಟ ಎಂದು ನೋಡಿಕೊಳ್ಳುವ ರಿಯಾಕ್ಟ್ ರೂಟರ್ ಲೈಬ್ರರಿಗೆ ಇದು ಮಾಮೂಲಿ ಕೆಲಸ ಬಿಡಿ. ವಿಳಾಸ ಹೊಸ ರೂಪದಲ್ಲಿ ಇಲ್ಲದಿದ್ದರೆ ಹೊಸ ವಿಳಾಸಕ್ಕೆ ಕಳಿಸುವ, ಅಂದರೆ ರೀಡೈರೆಕ್ಟ್ ಮಾಡುವ, ಸಣ್ಣ ಫಂಕ್ಷನ್ ಒಂದನ್ನು ಹಾಕಿದೆ. ಅದೇ ಕಾಡಿದ್ದು.

ಮಾರನೇ ದಿನ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮೇಷ್ಟ್ರು ಸಿಕ್ಕರು. ದಿನಾ ಹೆಜ್ಜಾರ್ಲೆ (ಪೆಲಿಕನ್) ಎಣಿಸಿ ಆ್ಯಪ್‌ಗೆ ಹಾಕುವವರು ಅವರು. “ನೋಡಪ್ಪ, ಇದೇನೋ ಮಿಣಮಿಣ ಅಂತಿದೆ” ಎಂದು ಫೋನ್ ಕೊಟ್ಟರು. ಬಿಳಿ ಪರದೆ, ಮತ್ತೆ ಬಿಳಿ ಪರದೆ. ಬ್ಯಾಕ್ ಎಷ್ಟು ಒತ್ತಿದರೂ ಹೊರಗೆ ಬಿಡದು.

ಮೊದಲು ಅನುಮಾನ ಬಂದದ್ದು ಆ್ಯಪನ್ನು ತಮ್ಮ ಸರ್ವರಿನಲ್ಲಿ ಇಟ್ಟಿರುವ ಹೋಸ್ಟಿಂಗ್ ಕಂಪನಿ ಮೇಲೆ. ಯಾವ ವಿಳಾಸ ಬಂದರೂ ಆ್ಯಪ್ ಶುರು ಮಾಡುವ ಇಂಡೆಕ್ಸ್ ಫೈಲನ್ನೇ ಕೊಡುವ ಹಾಗೆ ಮಾಡಿ ಎಂದು ಅವರಿಗೆ ಮೂರು ಸಲ ಬರೆದಿದ್ದೆ. ಮೂರು ಸಲವೂ ‘ಬ್ರೌಸರಿನ ಕ್ಯಾಷ್ ಕ್ಲಿಯರ್ ಮಾಡಿ’ ಅಂತಲೇ ಉತ್ತರ. ದುಡ್ಡು ತೆಗೆದುಕೊಂಡ ಮೇಲೆ ಪತ್ರ ಓದಬೇಡವಾ? ಕೊನೆಗೆ ಅದನ್ನು ನಾನೇ ಸರಿ ಮಾಡಿಕೊಂಡಿದ್ದೆ. ಆದರೆ ಈ ಸಲದ ತಪ್ಪು ಅವರದಲ್ಲ.

ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಎಲ್ಲ ಸರಿಯಾಗಿತ್ತು. ಯಾಕೆಂದರೆ ನಾನು ಪರೀಕ್ಷೆಗೆ ಇಟ್ಟಿದ್ದ ವಿಳಾಸ ಇಂಗ್ಲಿಷ್ ಅಕ್ಷರದ್ದು. ಮೂರನೇ ರಾತ್ರಿ ಬ್ರೌಸರ್ ಕೊಡುವ ಪಾತ್‌ನೇಮನ್ನು (ವಿಳಾಸದಲ್ಲಿ ಸೈಟಿನ ಹೆಸರಿನ ನಂತರದ ಭಾಗ) ಬ್ರೌಸರಿನ ಕನ್ಸೋಲಿಗೆ ಹಾಕಿ ನೋಡಿದೆ. ಕನ್ನಡವೇ ಇಲ್ಲ! ಉದ್ದಕ್ಕೂ ಶೇಕಡಾ ಚಿಹ್ನೆಗಳು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ವಿಳಾಸಕ್ಕೆಂದು ಎನ್‌ಕೋಡ್ ಆದಾಗ ಒಂದೊಂದು ಬೈಟ್‌ಗೂ % ಸೇರಿ 3 ಅಕ್ಷರ. ಒತ್ತು, ಗುಣಿತ ಸೇರಿ ‘ಕುಕ್ಕರಹಳ್ಳಿ’ಯಲ್ಲಿ 11 ಚಿಹ್ನೆ. ಅಲ್ಲಿಗೆ 99 ಅಕ್ಷರ. ಇದನ್ನು ನಾನು ಕನ್ನಡದ ಪದದ ಜೊತೆ ಹೋಲಿಸುತ್ತಿದ್ದೆ. ಹೊಸ ವಿಳಾಸಕ್ಕೆ ಬಂದ ಮೇಲೂ ಹೊಂದುತ್ತಿರಲಿಲ್ಲ, ಮತ್ತೆ ರೀಡೈರೆಕ್ಟ್, ಮತ್ತೆ ರೀಡೈರೆಕ್ಟ್.

ಹೋಲಿಸುವ ಮುಂಚೆ ಅದನ್ನು ಮತ್ತೆ ಕನ್ನಡಕ್ಕೆ ತಂದೆ, ಅಂದರೆ ಡಿಕೋಡ್ ಮಾಡಿದೆ, ಸುತ್ತಾಟ ನಿಂತಿತು. ಅರ್ಧ ಕಾಪಿಯಾದ ಲಿಂಕ್ ಬಂದರೆ ಡಿಕೋಡ್ ಎರರ್ ಕೊಡುತ್ತದೆ, ಅದಕ್ಕೆ ಎರರ್ ಹಿಡಿಯುವ ಟ್ರೈ-ಕ್ಯಾಚ್ ಹಾಕಿ ಮುಖಪುಟಕ್ಕೆ ಕಳಿಸಿದೆ. ಹಿಸ್ಟರಿಗೆ ಇನ್ನೊಂದು ವಿಳಾಸ ಸೇರಿಸುವ ಪುಷ್ ತೆಗೆದು, ಹಳೆಯದರ ಜಾಗದಲ್ಲೇ ಹೊಸದನ್ನು ಇಡುವ ರೀಪ್ಲೇಸ್ ಹಾಕಿದೆ. ಇಲ್ಲದಿದ್ದರೆ ಹಳೇ ವಿಳಾಸ ಹಿಸ್ಟರಿಯಲ್ಲೇ ಉಳಿದು, ಬ್ಯಾಕ್ ಒತ್ತಿದವರನ್ನು ವಾಪಸ್ ಎಳೆದು ತರುತ್ತದೆ.

ಮುಂದಿನದು ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರು. ಊರೊಳಗೆ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಹೆಜ್ಜಾರ್ಲೆ, ಕೊಕ್ಕರೆ ಗೂಡು ಕಟ್ಟುತ್ತವೆ. ಮರಮರಕ್ಕೂ ಒಂದು ಪುಟ ಬೇಕು, ನೆಟ್ ಇಲ್ಲದೆಯೂ ತೆರೆಯಬೇಕು. ನೆಟ್ ಇಲ್ಲದಾಗಲೂ ಉಳಿಸಿಟ್ಟ ಪುಟ ಕೊಡಬಲ್ಲ ಸರ್ವಿಸ್ ವರ್ಕರ್ ಬಗ್ಗೆ ಓದಲು ಶುರು ಮಾಡಿದ್ದೇನೆ. ಮೇಷ್ಟ್ರು ಈಗಲೇ ಕೇಳುತ್ತಿದ್ದಾರೆ, ಯಾವ ಭಾನುವಾರ ಹೋಗೋಣ ಅಂತ.