ಬೋಸ್ಟನ್‌ನ ಪಾಲ್ ರಿವೀರ್ ಮನೆ: ಹೋಗುವವರಿಗೆ ನಾಲ್ಕು ಮಾತು

ಬೋಸ್ಟನ್‌ನಲ್ಲಿ ಮಗನೋ ಮಗಳೋ ಇದ್ದರೆ ಫ್ರೀಡಂ ಟ್ರೇಲ್ ತಪ್ಪಿದ್ದಲ್ಲ. ಊರೊಳಗೆ ನೆಲದ ಮೇಲೆ ಕೆಂಪು ಗೆರೆ ಹಾಕಿದ್ದಾರೆ. ಅದನ್ನೇ ಹಿಡಿದು ಎರಡೂವರೆ ಮೈಲಿ ನಡೆದರೆ ಹಳೆಯ ಜಾಗಗಳೆಲ್ಲ ಒಂದೊಂದಾಗಿ ಸಿಗುತ್ತವೆ. ನಾರ್ತ್ ಎಂಡ್ ಎಂಬ ಇಟಾಲಿಯನ್ ಬಡಾವಣೆಗೆ ಬಂದಾಗ ಬೂದುಗಪ್ಪು ಬಣ್ಣದ ಒಂದು ಮರದ ಮನೆ ಎದುರಾಗುತ್ತದೆ. ಸುಮಾರು 1680ರಲ್ಲಿ ಕಟ್ಟಿದ್ದು. ಬೋಸ್ಟನ್ ಪೇಟೆ ಭಾಗದಲ್ಲಿ ಉಳಿದಿರುವ ಮನೆಗಳಲ್ಲಿ ಇದೇ ಹಳೆಯದು.

ತುಂಬಾ ಜನ ಹೊರಗೆ ನಿಂತು ಒಂದು ಫೋಟೋ ಹೊಡೆದು ಮುಂದೆ ಹೋಗುತ್ತಾರೆ. ಒಳಗೆ ಹೋದವರೂ ಇಪ್ಪತ್ತು ನಿಮಿಷದಲ್ಲಿ ಹೊರಬಂದು "ಇಷ್ಟೇನಾ?" ಅನ್ನುತ್ತಾರೆ. ಇರುವುದು ಕೆಲವೇ ಕೋಣೆ, ನಿಜ. ಆದರೆ ನಾವು ನೋಡುತ್ತಿರುವುದು ಯಾರ ಮನೆ ಎಂದು ಮೊದಲೇ ಗೊತ್ತಿದ್ದರೆ ಕಾಲು ಅಷ್ಟು ಬೇಗ ಹೊರಗೆ ಎಳೆಯುವುದಿಲ್ಲ.

ಇಲ್ಲಿ ಮೊದಲು ಇದ್ದದ್ದು ಪಾದ್ರಿಯ ಮನೆ. 1676ರ ಬೆಂಕಿಯಲ್ಲಿ ಅದು ಸುಟ್ಟುಹೋಯಿತು. ಆ ಜಾಗದಲ್ಲಿ ಎದ್ದ ಹೊಸ ಮನೆಯ ಮೊದಲ ಯಜಮಾನ ರಾಬರ್ಟ್ ಹೋವರ್ಡ್ ಎಂಬ ಶ್ರೀಮಂತ ವ್ಯಾಪಾರಿ. ಪಾಲ್ ರಿವೀರ್ ಇದನ್ನು ಕೊಂಡದ್ದು 1770ರಲ್ಲಿ, ಅಂದರೆ ಮನೆಗೆ ಆಗಲೇ ತೊಂಬತ್ತು ವರ್ಷ. ರಿವೀರ್ ಬೆಳ್ಳಿ ಕೆಲಸದ ಅಕ್ಕಸಾಲಿ. ಕೈ ಬಿಗಿಯಾದಾಗ ಹಲ್ಲು ಕಟ್ಟುವ ಕೆಲಸವನ್ನೂ ಮಾಡಿದವನು. ಇಬ್ಬರು ಹೆಂಡತಿಯರಿಂದ, ಒಬ್ಬಳು ತೀರಿಕೊಂಡ ಮೇಲೆ ಇನ್ನೊಬ್ಬಳು, ಒಟ್ಟು ಹದಿನಾರು ಮಕ್ಕಳು. ಅಮೆರಿಕದ ಸ್ವಾತಂತ್ರ್ಯ ಹೋರಾಟ ಶುರುವಾಗುವ ಹೊತ್ತು, 1775ರ ಏಪ್ರಿಲ್ 18ರ ರಾತ್ರಿ, ಬ್ರಿಟಿಷ್ ಸೈನ್ಯ ಹೊರಟ ಸುದ್ದಿಯನ್ನು ಹೋರಾಟಗಾರರಿಗೆ ಮುಟ್ಟಿಸಲು ಅವನು ಹೊರಟದ್ದು ಈ ಮನೆಯಿಂದಲೇ. ಹತ್ತಿರದ ಲೆಕ್ಸಿಂಗ್ಟನ್ ಊರಿನವರೆಗೆ ಹೋದ. ಅಲ್ಲಿಂದ ಕಾಂಕರ್ಡ್‌ಗೆ ಹೋಗುವ ದಾರಿಯಲ್ಲಿ ಬ್ರಿಟಿಷರ ಕೈಗೆ ಸಿಕ್ಕಿಬಿದ್ದ. ಈ ಕೊನೆಯ ಭಾಗವನ್ನು ಯಾರೂ ಜಾಸ್ತಿ ಹೇಳುವುದಿಲ್ಲ!

1800ರಲ್ಲಿ ರಿವೀರ್ ಮನೆ ಮಾರಿದ. ಆಮೇಲೆ ಅದು ವಲಸೆ ಬಂದವರ ಬಾಡಿಗೆ ಮನೆಯಾಯಿತು. ಕೆಳಗೆ ಮಿಠಾಯಿ ಅಂಗಡಿ, ಚುಟ್ಟ ಕಟ್ಟುವ ಜಾಗ, ಬ್ಯಾಂಕು, ಹಣ್ಣು ತರಕಾರಿ ಅಂಗಡಿ ಎಲ್ಲ ಬಂದವು. ಇನ್ನೇನು ಕೆಡವುತ್ತಾರೆ ಅನ್ನುವಾಗ, 1902ರಲ್ಲಿ, ರಿವೀರನ ಮರಿಮಗನೊಬ್ಬ ಕೊಂಡುಕೊಂಡು ಉಳಿಸಿದ. 1908ರಲ್ಲಿ ಮ್ಯೂಸಿಯಂ ಆಗಿ ಬಾಗಿಲು ತೆರೆಯಿತು.

ಇಲ್ಲೇ ಒಂದು ಸ್ವಾರಸ್ಯ ಇದೆ. ರಿವೀರ್ ಇದ್ದ ಕಾಲಕ್ಕೆ ಮುಂಭಾಗದ ಸೂರು ಎತ್ತರಿಸಿ ಮೂರನೇ ಅಂತಸ್ತು ಸೇರಿಸಿಯಾಗಿತ್ತು. ಜೀರ್ಣೋದ್ಧಾರ ಮಾಡಿದ ಜೋಸೆಫ್ ಚಾಂಡ್ಲರ್ ಅದನ್ನು ತೆಗೆಸಿ, ಮನೆಯನ್ನು 1680ರ ರೂಪಕ್ಕೆ ತಂದ. ಹಾಗಾಗಿ ಹೊರಗಿನಿಂದ ಕಾಣುವುದು ಹೋವರ್ಡ್‌ನ ಮನೆ, ಬೋರ್ಡ್ ಮೇಲೆ ಇರುವುದು ರಿವೀರನ ಹೆಸರು. ನನಗಂತೂ ಇದು ಸರಿ ಅನ್ನಿಸಲಿಲ್ಲ. ಅವನು ಬಾಳಿದ ಮಹಡಿಯನ್ನೇ ಕಿತ್ತು ಅವನ ಸ್ಮಾರಕ ಮಾಡಿದ ಹಾಗಾಯ್ತು ಅಲ್ವಾ? ಆದರೆ ನೂರಕ್ಕೆ ತೊಂಬತ್ತು ಭಾಗ ಮರಮುಟ್ಟು ಹಳೆಯದೇ ಎನ್ನುತ್ತಾರೆ, ಅದು ದೊಡ್ಡ ಮಾತು.

ಒಳಗೆ ಹೋದಾಗ ತಲೆ ಎತ್ತಿ ನೋಡಿ. ಕೆಳಗಿನ ಹಜಾರದಲ್ಲಿ ಮೇಲಿನ ಮಹಡಿಯನ್ನು ಹೊತ್ತ ದಪ್ಪ ತೊಲೆ ಹಾಗೇ ಕಾಣುತ್ತದೆ. ಅದು ಹೋವರ್ಡ್ ಕಾಲದ ಕೋಣೆ. ರಿವೀರ್ ಕಾಲದ್ದು ಬೇಕೆಂದರೆ ಮಹಡಿ ಹತ್ತಬೇಕು. ಅಲ್ಲಿ ಅವನ ಮನೆತನದ ಕೆಲವು ಪೀಠೋಪಕರಣಗಳಿವೆ. ಕೋಣೆಗಳಲ್ಲಿ ನಿಂತಿರುವ ಸಿಬ್ಬಂದಿ ಸುಮ್ನೆ ನಿಂತವರಲ್ಲ, ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಅಂಗಳದಲ್ಲಿ 1804ರಲ್ಲಿ ರಿವೀರ್ ಮತ್ತು ಮಕ್ಕಳು ಎರಕ ಹೊಯ್ದ 931 ಪೌಂಡಿನ ಗಂಟೆ ಇದೆ. ಅದನ್ನು ನೋಡದೆ ಬರಬೇಡಿ.

ಕಾರು ತರಬೇಡಿ. ನಾರ್ತ್ ಎಂಡ್‌ನಲ್ಲಿ ನಿಲ್ಲಿಸಲು ಜಾಗ ಸಿಗುವುದು ಕಷ್ಟ. ಹೇಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದು ನಡೆಯಿರಿ. ಗ್ರೀನ್ ಲೈನ್, ಆರೆಂಜ್ ಲೈನ್ ಎರಡೂ ಬರುತ್ತವೆ. ಕೈಯಲ್ಲಿ ಸ್ವಲ್ಪ ನಗದು ಇರಲಿ. ಅಪ್ಪ ಅಮ್ಮನಿಗೆ ಮಂಡಿನೋವಿದ್ದರೆ ಮಹಡಿಗೆ ಹೋಗಲು ಪಕ್ಕದ ಕಟ್ಟಡದ ಲಿಫ್ಟ್ ಬಗ್ಗೆ ಟಿಕೆಟ್ ತೆಗೆಯುವಾಗಲೇ ವಿಚಾರಿಸಿ. ಚಳಿಗಾಲದಲ್ಲಿ ಸೋಮವಾರ ರಜೆ ಇರುತ್ತದೆ, ಹೊರಡುವ ಮುನ್ನ ಸಮಯ ನೋಡಿಕೊಳ್ಳಿ. ಬೆಳಿಗ್ಗೆ ಬೇಗ ಹೋದರೆ ಶಾಲಾಮಕ್ಕಳ ಗುಂಪು ಬರುವ ಮೊದಲೇ ಮುಗಿಸಬಹುದು.

ಅಲ್ಲಿಂದ ಸ್ವಲ್ಪ ನಡೆದರೆ ಓಲ್ಡ್ ನಾರ್ತ್ ಚರ್ಚ್. ರಿವೀರ್ ಸುದ್ದಿ ಹೊತ್ತು ಹೊರಟ ಆ ರಾತ್ರಿ, ಬ್ರಿಟಿಷರು ಹೊರಟ ಸಂಕೇತವಾಗಿ ಎರಡು ಲಾಂದ್ರ ತೋರಿಸಿದ್ದು ಅದರ ಗೋಪುರದಿಂದಲೇ. ಎರಡನ್ನೂ ಒಟ್ಟಿಗೆ ನೋಡಿದರೇ ಕತೆ ಕೂಡಿಕೊಳ್ಳುವುದು. ಹಸಿವಾದರೆ ಹ್ಯಾನೋವರ್ ಬೀದಿಯಲ್ಲಿ ಇಟಾಲಿಯನ್ ಹೋಟೆಲುಗಳ ಸಾಲೇ ಇದೆ. ಸಸ್ಯಾಹಾರಿಗಳು ಕನೋಲಿ ಎಂಬ ಇಟಾಲಿಯನ್ ಸಿಹಿತಿಂಡಿ ಕೊಳ್ಳುವ ಮೊದಲು ಒಂದು ಮಾತು ಕೇಳಿ, ಕೆಲವು ಕಡೆ ಅದರ ಹಿಟ್ಟಿಗೆ ಹಂದಿಕೊಬ್ಬು ಹಾಕುತ್ತಾರೆ.