ಎಂಟೂವರೆಯ ಮಳೆ ಯಾವ ತಾರೀಖಿನದು

ಮೇ 18

ಸೋಮವಾರಪೇಟೆ ಕಡೆಯ ಎಷ್ಟೋ ಕಾಫಿ ತೋಟದ ಮನೆಗಳಲ್ಲಿ ಒಂದು ಮಳೆ ಪುಸ್ತಕ ಇರುತ್ತದೆ. ನಮ್ಮ ಮನೆಯದನ್ನು ಅಪ್ಪ ಬರೆಯುತ್ತಾರೆ. ಬೆಳಿಗ್ಗೆ ಎಂಟೂವರೆಗೆ ಕಣದ ಮೂಲೆಗೆ ಹೋಗಿ ರೇನ್ ಗೇಜ್ ತೆಗೆದು, ನೀರನ್ನು ಅಳತೆ ಗ್ಲಾಸಿಗೆ ಸುರಿದು, ಆವತ್ತಿನ ತಾರೀಖಿನ ಮುಂದೆ ಇಂಚು, ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು, ಅಂದರೆ 25.4 ಮಿ.ಮೀ. ಹವಾಮಾನ ಇಲಾಖೆ ಮಳೆ ಲೆಕ್ಕಕ್ಕೆ ಹಿಡಿಯುವ ದಿನ ಕೂಡ ಬೆಳಿಗ್ಗೆ ಎಂಟೂವರೆಗೇ ಮುಗಿಯುತ್ತದೆ.

ಹೋದ ವರ್ಷ ಅದೇ ಕಣದ ಪಕ್ಕ ನಾನು ಒಂದು ಟಿಪ್ಪಿಂಗ್ ಬಕೆಟ್ ಗೇಜ್ ನಿಲ್ಲಿಸಿದೆ. ಒಳಗೆ ಏತದ ಹಾಗೆ ತೂಗುವ ಎರಡು ಪುಟ್ಟ ಬಟ್ಟಲುಗಳಿವೆ. ಒಂದು ತುಂಬಿದ ತಕ್ಷಣ ಮಗುಚುತ್ತದೆ, ಇನ್ನೊಂದು ಮೇಲೆ ಬರುತ್ತದೆ. ಒಂದು ಸಲ ಮಗುಚಿದರೆ ಒಂದು ಟಿಪ್, ಅಂದರೆ 0.2 ಮಿ.ಮೀ. ಮಳೆ. ಪ್ರತಿ ಟಿಪ್ಪಿನ ಸಮಯವನ್ನು ಈಎಸ್‌ಪಿ32 ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಎಸ್‌ಡಿ ಕಾರ್ಡಿನಲ್ಲಿ ಬರೆದುಕೊಳ್ಳುತ್ತದೆ. ವೈಫೈ ಸಿಕ್ಕಾಗ ಮನೆಯ ಹಳೆ ಲ್ಯಾಪ್‌ಟಾಪಿಗೆ ಕಳಿಸುತ್ತದೆ.

ಆ ಟಿಪ್ಪುಗಳನ್ನು ದಿನಾ ಕೂಡಿಸುವುದಕ್ಕೆ ಇಷ್ಟು ದಿನ ಕ್ರಾನ್ ಸಾಕಾಗಿತ್ತು. ಹೇಳಿದ ಹೊತ್ತಿಗೆ ಕಂಪ್ಯೂಟರಿನಲ್ಲಿ ಕೆಲಸ ಓಡಿಸುವ ಪ್ರೋಗ್ರಾಮ್ ಅದು. ಐದು ಜಾಗದ ಒಂದು ಸಾಲು: ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. 30 8 * * * ಅಂತ ಬರೆದರೆ ದಿನಾ ಎಂಟೂವರೆಗೆ ಕೆಲಸ ಓಡುತ್ತದೆ. ಆದರೆ ಆ ಹೊತ್ತಿಗೆ ಲ್ಯಾಪ್‌ಟಾಪ್ ಆಫ್ ಆಗಿದ್ದರೆ ಆ ದಿನದ ಕೆಲಸ ಹೋದ ಹಾಗೆಯೇ. ಕ್ರಾನ್ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಇಲ್ಲಿ ಜೂನ್ ಬಂತು ಅಂದರೆ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಅದಕ್ಕೇ ಈ ಮಳೆಗಾಲ ಏರ್‌ಫ್ಲೋಗೆ ಬದಲಾಯಿಸುತ್ತಿದ್ದೇನೆ. ಇದೂ ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ಓಡಿಸುವ ಸಾಫ್ಟ್‌ವೇರೇ. 2014ರಲ್ಲಿ ಏರ್‌ಬಿಎನ್‌ಬಿ ಕಂಪನಿಯಲ್ಲಿ ಹುಟ್ಟಿದ್ದು, ಈಗ ಅಪಾಚಿ ಫೌಂಡೇಶನ್ನಿನ ಯೋಜನೆ. ಒಂದು ಮಳೆ ಗೇಜಿಗೆ ಇದು ದೊಡ್ಡ ಸಾಧನವೇ. ಆದರೆ ಯಾವ ದಿನದ ಕೆಲಸ ಆಗಿದೆ, ಯಾವುದು ಬಾಕಿ ಇದೆ ಅಂತ ದಿನದಿನದ ಲೆಕ್ಕ ಇಟ್ಟುಕೊಳ್ಳುವುದೇ ನನಗೆ ಬೇಕಿತ್ತು.

ಮೇ 31

ಕೆಲಸದ ಸರಣಿಗೆ ಏರ್‌ಫ್ಲೋದಲ್ಲಿ ಡ್ಯಾಗ್ ಅನ್ನುತ್ತಾರೆ. ನನ್ನದರಲ್ಲಿ ನಾಲ್ಕು ಹೆಜ್ಜೆ: ಫೈಲ್ ಬರುವ ತನಕ ಕಾಯುವುದು, ಓದುವುದು, ಕೂಡಿಸಿ ಡೇಟಾಬೇಸಿಗೆ ಹಾಕುವುದು, ಮನೆಯವರ ಗುಂಪಿಗೆ ಟೆಲಿಗ್ರಾಮ್ ಮೆಸೇಜ್ ಕಳಿಸುವುದು. ಮೊದಲ ದಿನ ಮೆಸೇಜ್ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ! ಏರ್‌ಫ್ಲೋ ಸುಮ್ನೆ ಬಿಟ್ಟರೆ ಯುಟಿಸಿ, ಅಂದರೆ ಜಗತ್ತಿಗೆಲ್ಲಾ ಒಂದೇ ಆದ ಪ್ರಮಾಣ ಸಮಯ ಹಿಡಿಯುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಶುರುವಿನ ತಾರೀಖಿಗೆ ಏಷ್ಯಾ/ಕೋಲ್ಕತ್ತಾ (ಭಾರತದ ಸಮಯ) ಅಂತ ಟೈಮ್‌ಝೋನ್ ಕೊಟ್ಟ ಮೇಲೆ ಸರಿಹೋಯಿತು.

ಜೂನ್ 12

ಈವತ್ತಿನದು ನಿಜವಾಗಿಯೂ ಮುಖ್ಯವಾದ ದಿನ. ರಾತ್ರಿಯೆಲ್ಲಾ ಜಡಿಮಳೆ. ಬೆಳಿಗ್ಗೆ ಅಪ್ಪ ಪುಸ್ತಕ ಹಿಡಿದು ನನ್ನ ಪಕ್ಕ ಕೂತು ಸ್ಕ್ರೀನ್ ನೋಡಿದರು.

"ನಾನು ಹನ್ನೆರಡಕ್ಕೆ ಬರೆದದ್ದು ನಿನ್ನಲ್ಲಿ ಹನ್ನೊಂದರಲ್ಲಿ ಇದೆಯಲ್ಲೋ?"

ಹೌದು. ಹಿಂದಕ್ಕೆ ಹೋಗಿ ನೋಡಿದರೆ ಎರಡು ವಾರದ ಮಳೆಯೂ ಒಂದೊಂದು ದಿನ ಹಿಂದೆ ಕೂತಿದೆ. ಮೊತ್ತ ಹತ್ತಿರ ಹತ್ತಿರ ಸರಿ, ತಾರೀಖು ಮಾತ್ರ ತಪ್ಪು.

ಕಾರಣ ಹೀಗೆ. ಏರ್‌ಫ್ಲೋಗೆ ಒಂದು ಓಟ ಅಂದರೆ ಒಂದು ಗಂಟೆ ಹೊಡೆದ ಹಾಗಲ್ಲ, ಒಂದು ಅವಧಿ. ಹನ್ನೊಂದರ ಎಂಟೂವರೆಯಿಂದ ಹನ್ನೆರಡರ ಎಂಟೂವರೆವರೆಗೆ ಒಂದು ಅವಧಿ. ಅದು ಪೂರ್ತಿ ಮುಗಿದ ಮೇಲೆಯೇ ಓಟ ಶುರು. ಆದರೆ ನಾನು ಹಾಕಿರುವ 2ರ ಸಾಲಿನ ಆವೃತ್ತಿಯಲ್ಲಿ ಓಟಕ್ಕೆ ಸಿಗುವ ಹೆಸರು ಅವಧಿ ಶುರುವಾದ ತಾರೀಖಿನದು, ಅಂದರೆ ಹನ್ನೊಂದು. ಅಪ್ಪನ ಪುಸ್ತಕದಲ್ಲೂ ಹವಾಮಾನ ಇಲಾಖೆಯಲ್ಲೂ ಮಳೆಗೆ ಸಿಗುವುದು ಅವಧಿ ಮುಗಿದ ತಾರೀಖು. ಎರಡೂ ಕಡೆ ಅದೇ ಇಪ್ಪತ್ತನಾಲ್ಕು ಗಂಟೆ, ಅದೇ ನೀರು. ಒಬ್ಬರು ಬಾಲ ಹಿಡಿದು ಹೆಸರಿಟ್ಟರೆ ಇನ್ನೊಬ್ಬರು ತಲೆ ಹಿಡಿದು ಇಟ್ಟಿದ್ದಾರೆ. ಆವೃತ್ತಿ 3ರಲ್ಲಿ ಈ ಪದ್ಧತಿ ಬದಲಾಗಿದೆ, ಹಾಗಾಗಿ ಹಳೆ ಪಾಠ ನೋಡಿ ಕಲಿಯುವವರು ಆವೃತ್ತಿ ಯಾವುದು ಅಂತ ಮೊದಲು ನೋಡಿಕೊಳ್ಳಿ.

ಈಗ ಅವಧಿ ಮುಗಿಯುವ ಸಮಯ ತೆಗೆದುಕೊಂಡು, ಅದನ್ನು ನಮ್ಮ ಸಮಯಕ್ಕೆ ತಿರುಗಿಸಿ, ಅದರ ತಾರೀಖನ್ನೇ ಬರೆಯುತ್ತಿದ್ದೇನೆ. ತಿದ್ದಿದ್ದು ಒಂದೇ ಸಾಲು. ಅಪ್ಪ ಪುಸ್ತಕದ ಹಿಂದಿನ ಪುಟ ತೆರೆದು ಹದಿನಾಲ್ಕು ದಿನವನ್ನೂ ಬೆರಳಿಟ್ಟು ಹೊಂದಿಸಿ ನೋಡಿದರು. ಅವರು ಹಾಗೆ ಕೂತು ನೋಡಿದ್ದು ನನಗೆ ತುಂಬಾ ಖುಷಿ ಕೊಟ್ಟಿತು.

ಜೂನ್ 28

ಇಪ್ಪತ್ತನಾಲ್ಕರ ಸಂಜೆ ಲೈನಿನ ಮೇಲೆ ಮರ ಬಿತ್ತು. ಲ್ಯಾಪ್‌ಟಾಪಿನ ಬ್ಯಾಟರಿ ಮೂರು ಗಂಟೆ ನಿಂತಿತು. ಕರೆಂಟ್ ಬಂದದ್ದು ಇಪ್ಪತ್ತೇಳರ ಮಧ್ಯಾಹ್ನ. ಗೇಜಿನ ಬೋರ್ಡಿಗೆ ಬೇರೆ ಬ್ಯಾಟರಿ ಮತ್ತು ಪುಟ್ಟ ಸೋಲಾರ್ ಪ್ಯಾನೆಲ್ ಇರುವುದರಿಂದ ಅದು ಒಂದು ಟಿಪ್ಪನ್ನೂ ಬಿಡದೆ ಬರೆದುಕೊಂಡಿತ್ತು. ವೈಫೈ ಬಂದ ಕೂಡಲೇ ಮೂರು ದಿನದ್ದೂ ಕಳಿಸಿತು.

ಏರ್‌ಫ್ಲೋದಲ್ಲಿ ಕ್ಯಾಚಪ್ ಅನ್ನುವ ಒಂದು ಸೆಟ್ಟಿಂಗ್ ಇದೆ. ಅದು ಆನ್ ಇದ್ದರೆ ತಪ್ಪಿಹೋದ ಅವಧಿಗಳನ್ನೆಲ್ಲಾ ಒಂದೊಂದಾಗಿ ಓಡಿಸುತ್ತದೆ. ನಾನು ಕಾಯುತ್ತಿದ್ದದ್ದೇ ಇದಕ್ಕೆ. 25, 26, 27, ಸ್ಕ್ರೀನಿನ ಮೇಲೆ ಮೂರೂ ದಿನದ ಚೌಕ ಹಸಿರಾದವು, ಅಂದರೆ ಕೆಲಸ ಆಯಿತು ಅಂತ. ಮೂರಕ್ಕೂ ಉತ್ತರ ಒಂದೇ: 272 ಟಿಪ್, ಅಂದರೆ 2 ಇಂಚು 14 ಸೆಂಟ್.

ಮೂರು ದಿನವೂ ಅಷ್ಟೇ ಮಳೆ ಬರುವುದುಂಟಾ? ಕೋಡ್ ತೆರೆದರೆ ತಪ್ಪು ಎದುರಿಗೇ ಇತ್ತು. ಕೂಡಿಸುವ ಹೆಜ್ಜೆಯಲ್ಲಿ "ಈಗಿನಿಂದ ಹಿಂದಿನ 24 ಗಂಟೆ" ಅಂತ ಬರೆದಿದ್ದೆ. ದಿನಾ ಎಂಟೂವರೆಗೆ ಸರಿಯಾಗಿ ಓಡುವಾಗ "ಈಗ" ಅನ್ನುವುದು ಅವಧಿಯ ಕೊನೆಗೆ ಹೊಂದಿಕೊಳ್ಳುತ್ತಿತ್ತು. ಮೂರು ದಿನ ತಡವಾಗಿ ಓಡಿದಾಗ ಮೂರಕ್ಕೂ "ಈಗ" ಅಂದರೆ ಇಪ್ಪತ್ತೇಳರ ಮಧ್ಯಾಹ್ನವೇ. ಓಟಕ್ಕೆ ಏರ್‌ಫ್ಲೋ ಕೊಡುವ ಅವಧಿಯ ಶುರು ಮತ್ತು ಕೊನೆಯನ್ನೇ ಬಳಸಬೇಕು. ಗಡಿಯಾರ ನೋಡಲೇಬಾರದು.

ತಿದ್ದಿ, ಮೂರನ್ನೂ ಕ್ಲಿಯರ್ ಮಾಡಿ (ಓಟ ಆಗಿಲ್ಲ ಅಂತ ಗುರುತು ಹಾಕಿ) ಮತ್ತೆ ಓಡಿಸಿದೆ. ಈಗ 25ಕ್ಕೆ 506 ಟಿಪ್! ಹಳೆ 272ರ ಜೊತೆ ಹೊಸ 234 ಸೇರಿಕೊಂಡಿತ್ತು. ನನ್ನ ಹೆಜ್ಜೆ ಪ್ರತಿ ಸಲವೂ ಹೊಸ ಸಾಲು ಸೇರಿಸುತ್ತಿತ್ತೇ ಹೊರತು ಹಳೆಯದನ್ನು ತೆಗೆಯುತ್ತಿರಲಿಲ್ಲ. ಈಗ ಆ ತಾರೀಖಿನದನ್ನು ಅಳಿಸುವುದು, ಹೊಸದು ಬರೆಯುವುದು, ಎರಡೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ. ನಡುವೆ ಕರೆಂಟ್ ಹೋದರೆ ಎರಡೂ ಆಗುವುದಿಲ್ಲ, ಹಳೆಯದು ಹಾಗೇ ಉಳಿಯುತ್ತದೆ. ಜೂನ್ ತಿಂಗಳು ಪೂರ್ತಿ ಮತ್ತೆ ಎರಡು ಸಲ ಓಡಿಸಿ ನೋಡಿದೆ. ಒಟ್ಟು ಒಂದು ಸೆಂಟೂ ಬದಲಾಗಲಿಲ್ಲ.

ಕೊನೆಗೆ ಬಂದ ಲೆಕ್ಕ: 25ಕ್ಕೆ 1 ಇಂಚು 84 ಸೆಂಟ್, 26ಕ್ಕೆ ಸರಿಯಾಗಿ 3 ಇಂಚು, 27ಕ್ಕೆ 91 ಸೆಂಟ್. ಅಪ್ಪನ ಪುಸ್ತಕದಲ್ಲಿ 1.90, 3.10, 0.93. ಜೋರು ಮಳೆಯಲ್ಲಿ ಬಟ್ಟಲು ಮಗುಚುವ ಆ ಕ್ಷಣದಲ್ಲಿ ಬೀಳುವ ನೀರು ಸ್ವಲ್ಪ ಲೆಕ್ಕ ತಪ್ಪುತ್ತದೆ. ಟಿಪ್ಪಿಂಗ್ ಬಕೆಟ್ ಗೇಜುಗಳಿಗೆ ಇದು ಇದ್ದದ್ದೇ.

ಜುಲೈ 2

ಗೇಜಿನ ಬಾಯಿಗೆ ಸಿಲ್ವರ್ ಓಕ್ ಎಲೆ ಅಂಟಿಕೊಂಡು ಅರ್ಧ ದಿನ ಸೊನ್ನೆ ಬಂತು. ಅಪ್ಪನ ಅಂಕಿಗೂ ನನ್ನದಕ್ಕೂ ಶೇಕಡ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ನನ್ನ ಫೋನಿಗೆ ಮೆಸೇಜ್ ಬರುವ ಹಾಗೆ ಮಾಡಿದ್ದೇನೆ. ಅಪ್ಪನ ಅಂಕಿಯನ್ನು ಅಮ್ಮ ಗುಂಪಿಗೆ ಟೈಪ್ ಮಾಡುತ್ತಾರೆ, ಅಲ್ಲಿಂದ ಓದಿಕೊಳ್ಳುತ್ತದೆ.

ಜುಲೈ 6

ಆರಿದ್ರಾ ಮುಗಿದು ಪುನರ್ವಸು ಹಿಡಿಯಿತು. ಒಂದೊಂದು ನಕ್ಷತ್ರದ ಮಳೆ ಮುಗಿದಾಗ ಅಪ್ಪ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು ಒಟ್ಟು ಬರೆಯುತ್ತಾರೆ. ಹೋದ ವಾರ ಕೇಳಿದರು, "ಇದನ್ನೂ ನಿನ್ನದು ಮಾಡ್ತದಾ?"

ಕ್ರಾನ್ ಸಾಲಿನಲ್ಲಿ ಇದನ್ನು ಬರೆಯಲು ಬರುವುದಿಲ್ಲ. ಒಂದು ಮಳೆ ನಕ್ಷತ್ರ ಕೆಲವೊಮ್ಮೆ 13 ದಿನ, ಕೆಲವೊಮ್ಮೆ 14 ದಿನ. ತಿಂಗಳಿಗೂ ವಾರಕ್ಕೂ ಹೊಂದುವುದಿಲ್ಲ. ಅದೃಷ್ಟಕ್ಕೆ ಏರ್‌ಫ್ಲೋದಲ್ಲಿ ಈವೆಂಟ್ಸ್ ಟೈಮ್‌ಟೇಬಲ್ ಅಂತ ಇದೆ. ಬೇಕಾದ ತಾರೀಖುಗಳ ಪಟ್ಟಿ ಕೊಟ್ಟರೆ ಆ ದಿನಗಳಲ್ಲಿ ಮಾತ್ರ ಓಡುತ್ತದೆ. ಅಪ್ಪ ಪಂಚಾಂಗ ನೋಡಿ ಹೇಳಿದರು, ನಾನು ಟೈಪ್ ಮಾಡಿದೆ: ಮೃಗಶಿರದಿಂದ ಸ್ವಾತಿವರೆಗೆ. ಹಿಂದಿನ ತಾರೀಖಿನಿಂದ ಈ ತಾರೀಖಿನವರೆಗೆ ಕೂಡಿಸುವುದನ್ನು ನಾನೇ ಬರೆದೆ.

ಈವತ್ತು ಬೆಳಿಗ್ಗೆ ಮೊದಲ ಸಲ ಓಡಿತು. ಆರಿದ್ರಾ ಮಳೆ 13 ಇಂಚು 71 ಸೆಂಟ್. ಅಪ್ಪನ ಕೆಂಪು ಗೆರೆಯ ಕೆಳಗೆ 14 ಇಂಚು 20 ಸೆಂಟ್.

"ನಿನ್ನ ಗೇಜು ಶೆಡ್ಡಿಗೆ ಹತ್ತಿರ ಆಯ್ತು, ಗಾಳಿ ಮಳೆಗೆ ಮಾಡಿನ ಮರೆ ಬೀಳ್ತದೆ" ಅಂದರು. ಅದೂ ನಿಜ ಇರಬಹುದು. ಅಡ್ಡ ಇರುವ ವಸ್ತುವಿನ ಎತ್ತರದ ಎರಡರಷ್ಟು ದೂರದಲ್ಲಾದರೂ ಗೇಜ್ ಇರಬೇಕು ಅನ್ನುವುದು ನಿಯಮ. ಶೆಡ್ಡು 12 ಅಡಿ ಎತ್ತರ, ನನ್ನ ಕಂಬ ಇರುವುದು 15 ಅಡಿ ದೂರದಲ್ಲಿ. ಮಳೆ ಸ್ವಲ್ಪ ಹೊಳವಾದರೆ ನಾಳೆ ಅಪ್ಪ, ನಾನು ಇಬ್ಬರೂ ಸೇರಿ ಕಂಬ ಕಿತ್ತು ಕಣದ ಆ ತುದಿಗೆ ನೆಡುತ್ತೇವೆ. ಪುಷ್ಯದ ಗೆರೆ ಎಳೆಯುವಾಗ ಎರಡು ಅಂಕಿ ಎಷ್ಟು ಹತ್ತಿರ ಬರುತ್ತವೆ ನೋಡಬೇಕು.